'ಆ ಹುಡುಗಿ ಏನು ಹೇಳಿದ್ಲು?' ಅಂತ ಕೇಳಬೇಡಿ: ಶಾಲಾ ಕಾಲೇಜು ಆಡಳಿತ ಮಂಡಳಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಪ್ರಾಂಶುಪಾಲರೇ, ಮುಖ್ಯ ಶಿಕ್ಷಕರೇ, ಟ್ರಸ್ಟಿಗಳೇ,

ನಮಸ್ಕಾರ. ಮೊನ್ನೆ ಪತ್ರಿಕೆಯಲ್ಲಿ ಒಂದು ಜಾಹೀರಾತು ನೋಡಿದೆ. ಪಿಯು ಕಾಲೇಜೊಂದಕ್ಕೆ ಆಪ್ತ ಸಮಾಲೋಚಕರು ಬೇಕಂತೆ. ಸೈಕಾಲಜಿ ಓದಿದ್ದರೆ ಸಾಕು. ವಾರಕ್ಕೆ 12 ಪೀರಿಯಡ್ ಪಾಠ ಮಾಡಬೇಕು. ಅಡ್ಮಿಷನ್ ಸಮಯದಲ್ಲಿ ಪೋಷಕರಿಗೆ ಫೋನ್ ಮಾಡಬೇಕು. ಕೊನೆಯ ಸಾಲಿನಲ್ಲಿ 'ಶಿಸ್ತು ಸಮಿತಿಗೆ ಸಹಕರಿಸಬೇಕು' ಅಂತಲೂ ಇತ್ತು. ಆ ಕೊನೆಯ ಸಾಲು ಓದಿ ಪೇಪರ್ ಮಡಚಿಟ್ಟೆ. ಸಂಜೆವರೆಗೂ ತಲೆಯಲ್ಲಿ ಅದೇ ಓಡುತ್ತಿತ್ತು. ಅದಕ್ಕೇ ಈ ಪತ್ರ.

ಇಂಥ ಜಾಹೀರಾತು ಈಗ ಜಾಸ್ತಿ ಕಾಣುವುದಕ್ಕೆ ಕಾರಣ ನಿಮಗೂ ಗೊತ್ತು. ವಿಶಾಖಪಟ್ಟಣದಲ್ಲಿ ನೀಟ್‌ಗೆ ಓದುತ್ತಿದ್ದ 17 ವರ್ಷದ ಹುಡುಗಿಯೊಬ್ಬಳು 2023ರಲ್ಲಿ ತೀರಿಕೊಂಡಳು. ಸಿಬಿಐ ತನಿಖೆ ಆಗಬೇಕು ಅಂತ ಅವಳ ತಂದೆ ಕೋರ್ಟಿನಿಂದ ಕೋರ್ಟಿಗೆ ಅಲೆದರು. 2025ರ ಜುಲೈ 25ರಂದು ಸುಪ್ರೀಂ ಕೋರ್ಟ್ ಆ ಪ್ರಕರಣದಲ್ಲಿ ತೀರ್ಪು ಕೊಡುವಾಗ ದೇಶದ ಎಲ್ಲ ಶಿಕ್ಷಣ ಸಂಸ್ಥೆಗಳಿಗೆ 15 ಸೂಚನೆಗಳನ್ನೂ ಕೊಟ್ಟಿತು. ನೂರು ಅಥವಾ ಅದಕ್ಕಿಂತ ಹೆಚ್ಚು ಮಕ್ಕಳಿರುವ ಕಡೆ ತರಬೇತಿ ಪಡೆದ ಒಬ್ಬ ಸಮಾಲೋಚಕರೋ, ಮನಶ್ಶಾಸ್ತ್ರಜ್ಞರೋ, ಸಮಾಜ ಕಾರ್ಯಕರ್ತರೋ ಇರಲೇಬೇಕು ಅನ್ನುವುದು ಅದರಲ್ಲಿ ಒಂದು. ಹಾಗಾಗಿ ಈಗ ನಿಮಗೆ ನಮ್ಮಂಥವರು ಬೇಕಾಗಿದ್ದಾರೆ. ಸಂತೋಷ. ಆದರೆ ನೇಮಿಸಿಕೊಂಡ ಮೇಲೆ ನಮ್ಮ ಹತ್ತಿರ ಏನು ಕೇಳಬಹುದು, ಏನು ಕೇಳಬಾರದು ಅನ್ನುವುದನ್ನು ಯಾರೂ ನಿಮಗೆ ಹೇಳಿದಂತಿಲ್ಲ.

ನಾನು ಈ ಕೆಲಸ ಶುರುಮಾಡಿ 15 ವರ್ಷ ಆಯಿತು. ಮಲೆನಾಡು, ಕರಾವಳಿ ಸೇರಿ ಮೂರು ಸಂಸ್ಥೆ ಕಂಡಿದ್ದೇನೆ. ನಮ್ಮ ಕಡೆ ಕೌನ್ಸೆಲಿಂಗ್ ಅಂದರೆ ಇವತ್ತಿಗೂ ಬಹಳ ಪೋಷಕರಿಗೆ ನೆನಪಾಗುವುದು ಸಿಇಟಿ ಸೀಟು. ಒಮ್ಮೆ ಒಬ್ಬ ತಂದೆ ನನ್ನ ಕೋಣೆಗೆ ಬಂದು ಕೂತು, ಫೈಲ್ ಬಿಚ್ಚಿ, ಎರಡನೇ ರೌಂಡಿನಲ್ಲಿ ಮಗನಿಗೆ ಮೆಕ್ಯಾನಿಕಲ್ ಸಿಗಬಹುದಾ ಅಂತ ಕೇಳಿದ್ದರು. ಅಂಥ ಗೊಂದಲಕ್ಕೆ ನಕ್ಕು ಸುಮ್ಮನಾಗಬಹುದು. ಕನ್ನಡದಲ್ಲಿ ನಮ್ಮ ಕೆಲಸಕ್ಕೆ ಇಟ್ಟ ಹೆಸರು ನೋಡಿ, ಆಪ್ತ ಸಮಾಲೋಚನೆ. ಇಂಗ್ಲಿಷಿನ ಕೌನ್ಸೆಲಿಂಗ್‌ನಲ್ಲಿ ಈ 'ಆಪ್ತ' ಇಲ್ಲ. ಹೆಸರಿಟ್ಟವರು ಯಾರೋ, ಪುಣ್ಯಾತ್ಮರು, ಕೆಲಸದ ಮೊದಲ ನಿಯಮವನ್ನು ಹೆಸರಿನಲ್ಲೇ ಸೇರಿಸಿಬಿಟ್ಟಿದ್ದಾರೆ. ಆಪ್ತರ ಹತ್ತಿರ ಹೇಳಿದ್ದು ಆಪ್ತರ ಹತ್ತಿರವೇ ಇರಬೇಕು ಅಲ್ವಾ?

ಆ ನಿಯಮವನ್ನು ನಾನೇ ಮುರಿದಿದ್ದೇನೆ. ಮೊದಲು ಅದನ್ನು ಹೇಳಿಬಿಡುತ್ತೇನೆ. (ಇಲ್ಲಿ ಬರುವ ಊರು, ವರ್ಷ, ಮಕ್ಕಳ ಗುರುತು ಎಲ್ಲ ಬದಲಾಯಿಸಿದ್ದೇನೆ. ಅದೂ ನಿಯಮವೇ.)

ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು. ಪ್ರಥಮ ಪಿಯು ಹುಡುಗಿಯೊಬ್ಬಳು ಬಂದು, ಬೇರೆ ಸಮುದಾಯದ ಹುಡುಗನ ಮೇಲೆ ಮನಸ್ಸಾಗಿದೆ ಅಂತ ಹೇಳಿಕೊಂಡಳು. ಬಸ್ ಸ್ಟ್ಯಾಂಡಿನಲ್ಲಿ ಮಾತಾಡುವುದು, ರಾತ್ರಿ ಮೆಸೇಜು, ಅಷ್ಟೇ. ಓದಿನಲ್ಲಿ ಮನಸ್ಸು ನಿಲ್ಲುತ್ತಿಲ್ಲ, ಏನು ಮಾಡಲಿ ಅನ್ನುವುದು ಅವಳ ಪ್ರಶ್ನೆ. ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುವಾಗ ಪ್ರಾಂಶುಪಾಲರು ತೀರಾ ಸಹಜವಾಗಿ, "ಆ ಹುಡುಗಿ ಬಂದಿದ್ಲಲ್ಲ ಮೇಡಂ, ಏನಂತೆ?" ಅಂದರು. ನಾನು ಹೇಳಿಬಿಟ್ಟೆ. ಅವರು ಕೆಟ್ಟವರಲ್ಲ. ಒಂದು ಜವಾಬ್ದಾರಿ ಅಂದುಕೊಂಡೇ ಅವಳ ತಂದೆಗೆ ಫೋನ್ ಮಾಡಿದರು. ಸೋಮವಾರ ಚಿಕ್ಕಪ್ಪ ಬಂದು ಟಿಸಿ ತೆಗೆದುಕೊಂಡರು. ಲೈಬ್ರರಿ ಪುಸ್ತಕ ವಾಪಸ್ ಕೊಡಲು ಅವಳೂ ಬಂದಿದ್ದಳು. ಕಾರಿಡಾರಿನಲ್ಲಿ ಎದುರಾದಾಗ ಒಂದೇ ಮಾತು ಕೇಳಿದಳು: "ಯಾರಿಗೂ ಹೇಳಲ್ಲ ಅಂದಿದ್ರಿ ಅಲ್ವಾ ಮ್ಯಾಮ್?"

ಆಮೇಲೆ ಅವಳು ಓದಿದಳೋ, ಮದುವೆ ಮಾಡಿಬಿಟ್ಟರೋ ಗೊತ್ತಿಲ್ಲ. ಆ ವರ್ಷ ಪೂರ್ತಿ ನನ್ನ ಕೋಣೆಗೆ ಒಬ್ಬಳೇ ಒಬ್ಬ ಹುಡುಗಿ ತಾನಾಗಿ ಬರಲಿಲ್ಲ. ನೀವು ಕಳಿಸಿದವರು ಬರುತ್ತಿದ್ದರು, ಕೂರುತ್ತಿದ್ದರು, "ಏನಿಲ್ಲ ಮ್ಯಾಮ್, ಎಲ್ಲ ಚೆನ್ನಾಗಿದೆ" ಅನ್ನುತ್ತಿದ್ದರು. ಮಕ್ಕಳಿಗೆ ಸುದ್ದಿ ಮುಟ್ಟಲು ನೋಟಿಸ್ ಬೋರ್ಡು ಬೇಕಾಗಿಲ್ಲ.

ನಮ್ಮ ವೃತ್ತಿಯ ನೀತಿಸಂಹಿತೆ ಹುಟ್ಟಿದ್ದೇ ಇಂಥ ಕಥೆಗಳಿಂದ. ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘ 1948ರಲ್ಲಿ ತನ್ನ ಸುಮಾರು 7,500 ಸದಸ್ಯರಿಗೆ ಪತ್ರ ಬರೆಯಿತು. ಸರಿ ಯಾವುದು, ತಪ್ಪು ಯಾವುದು ಅಂತ ನೀವು ಕಣ್ಣಾರೆ ಕಂಡ ಒಂದು ಇಕ್ಕಟ್ಟಿನ ಪ್ರಸಂಗ ಬರೆದು ಕಳಿಸಿ ಅಂತ ಕೇಳಿತು. ಸಾವಿರಕ್ಕೂ ಹೆಚ್ಚು ಪ್ರಸಂಗಗಳು ಬಂದವು. ಅವನ್ನೆಲ್ಲ ಗುಡ್ಡೆ ಹಾಕಿ, ವಿಂಗಡಿಸಿ, ಜಗಳ ಆಡಿ, 1953ರಲ್ಲಿ ಮೊದಲ ಸಂಹಿತೆ ತಂದರು. ಯಾರೋ ದೊಡ್ಡವರು ಕುರ್ಚಿಯಲ್ಲಿ ಕೂತು ಬರೆದ ಉಪದೇಶ ಅದಾಗಿದ್ದರೆ ನನಗೆ ಇಷ್ಟು ಗೌರವ ಇರುತ್ತಿರಲಿಲ್ಲ. ನನ್ನಂಥ ಸಾವಿರ ಜನ ಎಡವಿದ ಕಲ್ಲುಗಳ ಪಟ್ಟಿ ಅದು.

ಹಾಗಾದರೆ ಎಲ್ಲವನ್ನೂ ಮುಚ್ಚಿಡಬೇಕಾ ಅಂತ ನೀವು ಕೇಳುತ್ತೀರಿ. ಇಲ್ಲ. ಇದಕ್ಕೆ ಉತ್ತರವಾಗಿ ಸೈಕಾಲಜಿ ತರಗತಿಗಳಲ್ಲಿ ತಪ್ಪದೆ ಹೇಳುವ ಒಂದು ಪ್ರಕರಣವಿದೆ. ಅದರಲ್ಲಿ ಮೇಲಧಿಕಾರಿಯ ಪಾತ್ರವೂ ಇರುವುದರಿಂದ ನಿಮಗೆ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

1969. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್. ಬಂಗಾಳದಿಂದ ಓದಲು ಹೋಗಿದ್ದ ಪ್ರೊಸೆನ್‌ಜಿತ್ ಪೊದ್ದಾರ್ ಅನ್ನುವ ವಿದ್ಯಾರ್ಥಿಗೆ ತಾತ್ಯಾನಾ ತರಾಸಾಫ್ ಅನ್ನುವ ಹುಡುಗಿಯ ಮೇಲೆ ಪ್ರೀತಿ. ಅವಳಿಗೆ ಅದು ಇರಲಿಲ್ಲ. ಹುಡುಗ ಕುಸಿದುಹೋದ. ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಲಾರೆನ್ಸ್ ಮೂರ್ ಅನ್ನುವ ಸೈಕಾಲಜಿಸ್ಟ್ ಹತ್ತಿರ ಹೋಗುತ್ತಿದ್ದ. ಒಂದು ದಿನ, ಅವಳನ್ನು ಕೊಲ್ಲುತ್ತೇನೆ ಅಂದ. ಮೂರ್ ಕ್ಯಾಂಪಸ್ ಪೊಲೀಸರಿಗೆ ಹೇಳಿದರು, ಪತ್ರವನ್ನೂ ಬರೆದರು. ಪೊಲೀಸರು ಹುಡುಗನನ್ನು ಹಿಡಿದು ಮಾತಾಡಿಸಿದರು. ಸರಿಯಾಗಿಯೇ ಮಾತಾಡುತ್ತಾನಲ್ಲ ಅಂತ ಬಿಟ್ಟುಬಿಟ್ಟರು. ಇನ್ನು ಮೂರ್ ಅವರ ಮೇಲಧಿಕಾರಿ ಏನು ಮಾಡಿದರು ಗೊತ್ತಾ? ಪೊಲೀಸರಿಂದ ಆ ಪತ್ರ ವಾಪಸ್ ತರಿಸಿ, ಪ್ರತಿಗಳನ್ನೂ ಟಿಪ್ಪಣಿಗಳನ್ನೂ ನಾಶ ಮಾಡಿ ಅಂದರು. ಆಗ ತಾತ್ಯಾನಾ ಬೇಸಿಗೆ ರಜೆಗೆ ಬ್ರೆಜಿಲ್‌ನಲ್ಲಿದ್ದಳು. ವಾಪಸ್ ಬಂದಳು. ಅವಳಿಗಾಗಲಿ ಅವಳ ಅಪ್ಪ ಅಮ್ಮನಿಗಾಗಲಿ ಯಾರೂ ಒಂದು ಮಾತು ಹೇಳಿರಲಿಲ್ಲ. ಅಕ್ಟೋಬರ್ 27ರಂದು ಅವನು ಅವಳ ಮನೆಗೇ ಹೋಗಿ ಕೊಂದ.

ತಂದೆ ತಾಯಿ ಕೋರ್ಟಿಗೆ ಹೋದರು. 1976ರಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು: ಇನ್ನೊಬ್ಬರ ಜೀವಕ್ಕೆ ಅಪಾಯ ಇದೆ ಅಂತ ಗೊತ್ತಾದ ಮೇಲೆ, ಆ ಜೀವವನ್ನು ಕಾಪಾಡಲು ಬೇಕಾದ್ದನ್ನು ಮಾಡುವುದು ಚಿಕಿತ್ಸೆ ಕೊಡುವವರ ಕರ್ತವ್ಯ. ಅಲ್ಲಿಗೆ ಗುಟ್ಟು ಮುಗಿಯಿತು. ನಮ್ಮ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಕೂಡ ಇದೇ ದಾರಿಯಲ್ಲಿದೆ. ಗೋಪ್ಯತೆ ಚಿಕಿತ್ಸೆ ಪಡೆಯುವವರ ಹಕ್ಕು ಅಂತ ಮೊದಲು ಹೇಳುತ್ತದೆ. ಆಮೇಲೆ ಜೀವಕ್ಕೆ ಅಪಾಯ, ಬೇರೆಯವರಿಗೆ ಹಾನಿ ಮುಂತಾದ ಕೆಲವೇ ವಿನಾಯಿತಿ ಕೊಡುತ್ತದೆ.

ಅದಕ್ಕೇ ನಾನು ಪ್ರತಿ ಮಗುವಿಗೂ ಮೊದಲ ದಿನವೇ ಹೇಳುತ್ತೇನೆ, ಅದು ಬಾಯಿ ಬಿಡುವ ಮೊದಲೇ. "ನೀನು ಹೇಳಿದ್ದು ನನ್ನ ಹತ್ರ ಇರುತ್ತೆ. ಆದ್ರೆ ನಿನ್ನ ಜೀವಕ್ಕೆ ನೀನೇ ಏನಾದ್ರೂ ಮಾಡ್ಕೋತೀಯ ಅನ್ನಿಸಿದ್ರೆ, ಬೇರೆಯವರಿಗೆ ಅಪಾಯ ಇದೆ ಅನ್ನಿಸಿದ್ರೆ, ನಿನಗೆ ಯಾರಾದ್ರೂ ಲೈಂಗಿಕವಾಗಿ ತೊಂದ್ರೆ ಕೊಟ್ಟಿದ್ರೆ, ಆಗ ನಾನು ಹೇಳಲೇಬೇಕಾಗುತ್ತೆ. ಯಾರಿಗೆ ಹೇಳ್ತೀನಿ ಅಂತ ಮೊದಲು ನಿನಗೇ ಹೇಳ್ತೀನಿ." ಇಷ್ಟು ಹೇಳಿದ ಮೇಲೂ ಮಕ್ಕಳು ಮಾತಾಡುತ್ತಾರೆ. ಇಷ್ಟು ಹೇಳಿದ್ದಕ್ಕೇ ಮಾತಾಡುತ್ತಾರೆ ಅಂತಲೂ ನನಗೆ ಅನ್ನಿಸಿದೆ.

ಈಗ ನಿಮ್ಮ ಮೇಲಿನ ನನ್ನ ದೂರಿಗೆ ಬರುತ್ತೇನೆ. ಮುಚ್ಚಿಡಬೇಕಾದ್ದನ್ನು ಬಿಚ್ಚಿ ಅನ್ನುತ್ತೀರಿ. ಬಿಚ್ಚಲೇಬೇಕಾದ್ದು ಬಂದಾಗ ಮುಚ್ಚಿ ಅನ್ನುತ್ತೀರಿ.

ನಾನು ಕೆಲಸ ಮಾಡುತ್ತಿದ್ದ ಇನ್ನೊಂದು ಸಂಸ್ಥೆಯಲ್ಲಿ ಎಂಟನೇ ತರಗತಿಯ ಮಗುವೊಂದು ಸಿಬ್ಬಂದಿಯೊಬ್ಬರ ಬಗ್ಗೆ ಹೇಳಿತು. ಏನು ಅಂತ ಇಲ್ಲಿ ಬರೆಯುವುದಿಲ್ಲ. ಅರ್ಧ ಗಂಟೆಯಲ್ಲಿ ನಾನು ಆಡಳಿತ ಮಂಡಳಿಯ ಹಿರಿಯರ ಮುಂದೆ ಕೂತಿದ್ದೆ. ಯಾರ ಜೊತೆ ಯಾರು ಮಾತಾಡುತ್ತಾರೆ ಅಂತ ವಾರ ವಾರವೂ ನನ್ನಿಂದ ಪಟ್ಟಿ ಕೇಳುತ್ತಿದ್ದವರು ಅವರು. ಆ ದಿನ ಮಾತ್ರ, "ಮೇಡಂ, ನಿಮ್ಮ ವೃತ್ತಿಯಲ್ಲಿ ಗೋಪ್ಯತೆ ಅಂತ ಒಂದು ಇದೆ ಅಲ್ವಾ?" ಅಂದರು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯಲು ಬಂದ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ವಿಷಯ ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಬೇಕು. ತಿಳಿಸದಿದ್ದರೆ 21ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಜೈಲು. ತನ್ನ ಕೈಕೆಳಗಿನ ಸಿಬ್ಬಂದಿಯ ವಿಷಯವನ್ನು ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ ಒಂದು ವರ್ಷದವರೆಗೆ, ಜೊತೆಗೆ ದಂಡ. ಅಂದರೆ ಕಾನೂನು ನನಗಿಂತ ನಿಮ್ಮ ಮೇಲೇ ಜಾಸ್ತಿ ಭಾರ ಹಾಕಿದೆ. ನಾನು ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದೆ. ಮಾರ್ಚ್ ಕೊನೆಗೆ ನನ್ನ ಕೆಲಸ ಮುಂದುವರಿಯಲಿಲ್ಲ. ಕಾರಣ 'ಬಜೆಟ್'.

ಇದರಲ್ಲಿ ನನಗೂ ಸರಿಯಾದ ಉತ್ತರ ಸಿಗದ ಒಂದು ಜಾಗ ಇದೆ. ಹದಿನೇಳು ವರ್ಷದ ಹುಡುಗಿ, ಅದೇ ವಯಸ್ಸಿನ ಹುಡುಗ, ಇಬ್ಬರೂ ಇಷ್ಟಪಟ್ಟೇ ದೈಹಿಕವಾಗಿ ಹತ್ತಿರವಾದರು ಅಂತಿಟ್ಟುಕೊಳ್ಳಿ. ಕಾಯ್ದೆಯ ಕಣ್ಣಿಗೆ 18ರ ಒಳಗಿನ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ತಿಳಿಸಿದರೆ ಹುಡುಗನ ಮೇಲೆ ಕೇಸು, ಹುಡುಗಿಗೆ ಮನೆಯಲ್ಲಿ ನರಕ. ತಿಳಿಸದಿದ್ದರೆ ನಾನು ತಪ್ಪಿತಸ್ಥೆ. ಕಾನೂನು ಇರುವಷ್ಟು ದಿನ ಅದರ ಪ್ರಕಾರ ನಡೆಯಬೇಕು, ಹುಡುಗಿಗೆ ಅದನ್ನು ಮೊದಲೇ ಹೇಳಿರಬೇಕು. ಇಷ್ಟೇ ನಾನು ಮಾಡಲು ಸಾಧ್ಯ. ಆದರೂ ಅಂಥ ದಿನ ಮನೆಗೆ ಹೋದರೆ ಊಟ ಸೇರುವುದಿಲ್ಲ.

ಇನ್ನು ಆ ಶಿಸ್ತು ಸಮಿತಿ. ಮೊಬೈಲ್ ತಂದು ಸಿಕ್ಕಿಬಿದ್ದ ಹುಡುಗನನ್ನು "ಕೌನ್ಸೆಲಿಂಗ್‌ಗೆ ಕಳಿಸ್ತೀನಿ ನೋಡು" ಅಂತ ಹೆದರಿಸಿ ನಮ್ಮ ಹತ್ತಿರ ಅಟ್ಟುತ್ತೀರಿ. ಅವನು ಒಳಗೆ ಬರುವಾಗಲೇ ನಾನು ಅರ್ಧ ಪೊಲೀಸ್ ಆಗಿರುತ್ತೇನೆ. ಆಮೇಲೆ, "ಇನ್ಯಾರ್ಯಾರ ಹತ್ರ ಮೊಬೈಲ್ ಇದೆ ಕೇಳಿ ಮೇಡಂ" ಅನ್ನುತ್ತೀರಿ.

ನಮ್ಮ ರಾಜ್ಯದ ಹೆಸರಿರುವ ಒಂದು ತೀರ್ಪು ಇಲ್ಲಿ ನೆನಪಾಗುತ್ತದೆ. ಒಂದು ಕಾಲಕ್ಕೆ ಮಂಪರು ಪರೀಕ್ಷೆ ಮಾಡಿಸಲು ಬೇರೆ ರಾಜ್ಯಗಳಿಂದಲೂ ಆರೋಪಿಗಳನ್ನು ಬೆಂಗಳೂರಿಗೆ ಕರೆತರುತ್ತಿದ್ದರು. ಇಂಜೆಕ್ಷನ್ ಕೊಟ್ಟು, ಅರೆನಿದ್ದೆಯಲ್ಲಿ ಮಾತಾಡಿಸಿ, ಬಾಯಿ ಬಿಡಿಸುವ ಪರೀಕ್ಷೆ. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ 2010ರ ಮೇ 5ರಂದು ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಹಾಕಿತು. ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆ, ಮೆದುಳಿನ ಪರೀಕ್ಷೆ ಯಾವುದನ್ನೂ ಒಪ್ಪಿಗೆ ಇಲ್ಲದೆ ಯಾರ ಮೇಲೂ ಮಾಡುವಂತಿಲ್ಲ ಅಂದಿತು. ಕೊಲೆ ಆರೋಪಿಯ ಮನಸ್ಸಿಗೇ ಇಷ್ಟು ರಕ್ಷಣೆ ಇದೆ. ನಿಮ್ಮ ಹುಡುಗ ತಂದಿದ್ದು ಬರೀ ಮೊಬೈಲು.

ಪಾಠದ ವಿಷಯಕ್ಕೂ ಇದೇ ಮಾತು. ಹತ್ತು ಗಂಟೆಗೆ ಅಟೆಂಡೆನ್ಸ್ ಹಾಕಿ, ಇಂಟರ್ನಲ್ ಮಾರ್ಕ್ಸ್ ಕೊಡುವವಳ ಹತ್ತಿರ ಹನ್ನೊಂದಕ್ಕೆ ಬಂದು ಯಾವ ಮಗು ಅಳುತ್ತದೆ? ಎರಡು ದೋಣಿಯಲ್ಲಿ ಕಾಲಿಡಬೇಡಿ ಅಂತ ನಮ್ಮ ಸಂಹಿತೆಗಳು ಹೇಳುವುದು ಇದಕ್ಕೇ. ಒಬ್ಬರ ಜೊತೆ ಒಂದೇ ಸಂಬಂಧ ಇರಲಿ, ಎರಡನೆಯದು ಮೊದಲನೆಯದನ್ನು ಕೆಡಿಸುತ್ತದೆ ಅಂತ. ನಮ್ಮ ಊರುಗಳಲ್ಲಿ ಇದನ್ನು ಪೂರ್ತಿ ಪಾಲಿಸುವುದು ಕಷ್ಟ, ಒಪ್ಪುತ್ತೇನೆ. ಸಂತೆಯಲ್ಲಿ ಮಗುವಿನ ಅಮ್ಮ ಸಿಗುತ್ತಾರೆ, ಮದುವೆ ಊಟದಲ್ಲಿ ಪಕ್ಕದ ಎಲೆಗೇ ಕೂರುತ್ತಾರೆ. ಅದನ್ನು ನಾವು ನಿಭಾಯಿಸುತ್ತೇವೆ. ನೀವಾಗಿಯೇ ಟೈಮ್ ಟೇಬಲ್ ಹಾಕಿ ಕೊಡಬೇಡಿ.

ಟೆಸ್ಟ್‌ಗಳ ಬಗ್ಗೆ ಹೇಳದಿದ್ದರೆ ಪತ್ರ ಪೂರ್ತಿ ಆಗುವುದಿಲ್ಲ. ತರಗತಿಯನ್ನು ಎ, ಬಿ ಸೆಕ್ಷನ್ ಅಂತ ವಿಂಗಡಿಸಲು ಎಲ್ಲ ಮಕ್ಕಳ ಐಕ್ಯೂ, ಅಂದರೆ ಬುದ್ಧಿಮಟ್ಟದ ಅಂಕ, ತೆಗೆದುಕೊಡಿ ಅಂತ ನನ್ನನ್ನು ಎರಡು ಸಲ ಕೇಳಿದ್ದಾರೆ. 1905ರಲ್ಲಿ ಪ್ಯಾರಿಸ್‌ನಲ್ಲಿ ಆಲ್ಫ್ರೆಡ್ ಬಿನೆ ಈ ಪರೀಕ್ಷೆ ಮಾಡಿದ್ದು ಯಾವ ಮಗುವಿಗೆ ಹೆಚ್ಚಿನ ಸಹಾಯ ಬೇಕು ಅಂತ ತಿಳಿಯಲು. ಅದನ್ನು ನಮ್ಮ ಧಾರವಾಡದಲ್ಲಿ ವಿ.ವಿ. ಕಾಮತ್ ಅವರು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆ ಹೊಂದಿಸಿದರು. 1940ರಲ್ಲಿ ಅದರ ಪುಸ್ತಕವೂ ಬಂತು. ಬಿನೆ-ಕಾಮತ್ ಪರೀಕ್ಷೆ ಅಂತ ದೇಶದ ಎಷ್ಟೋ ಕಡೆ ಈಗಲೂ ಬಳಕೆಯಲ್ಲಿದೆ. ಪ್ಯಾರಿಸ್ ಮಕ್ಕಳ ಅಳತೆಗೋಲಿನಿಂದ ಧಾರವಾಡದ ಮಗುವನ್ನು ಅಳೆಯಬಾರದು ಅನ್ನುವ ಎಚ್ಚರ ಅಷ್ಟು ಹಿಂದೆಯೇ ಇತ್ತು ನೋಡಿ. ಆ ಪರೀಕ್ಷೆಯನ್ನು ತರಬೇತಿ ಪಡೆದವರು ಒಂದೊಂದು ಮಗುವನ್ನೇ ಎದುರು ಕೂರಿಸಿಕೊಂಡು ಮಾಡಬೇಕು. ಮಗು ಹೇಗೆ ಯೋಚಿಸಿತು, ಎಲ್ಲಿ ಹೆದರಿತು ಅನ್ನುವುದನ್ನೂ ಬರೆಯಬೇಕು. ಆಮೇಲೆ ಬರುವ ಅಂಕಿಯನ್ನು ಪೋಷಕರಿಗೆ ಅರ್ಥವಾಗುವಂತೆ ಬಿಡಿಸಿ ಹೇಳಬೇಕು. ನೀವು ಕೇಳಿದ್ದು ಎಕ್ಸೆಲ್ ಶೀಟು. ನಾನು ಅದಕ್ಕೆ ತರಬೇತಿ ಪಡೆದವಳಲ್ಲ, ಮಾಡುವುದಿಲ್ಲ ಅಂದೆ. ಗೊತ್ತಿಲ್ಲದ ಕೆಲಸವನ್ನು ಗೊತ್ತಿಲ್ಲ ಅನ್ನುವುದೂ ನಮ್ಮಲ್ಲಿ ನೀತಿಯೇ. ಅಂಕದ ಆಧಾರದ ಮೇಲೆ ಮಕ್ಕಳನ್ನು ಬೇರೆ ಬೇರೆ ಬ್ಯಾಚ್ ಮಾಡಬೇಡಿ ಅಂತ ಆ ಜುಲೈ ತೀರ್ಪಿನಲ್ಲೂ ಇದೆ. ಸಮಾಲೋಚಕರನ್ನು ನೇಮಿಸುವ ಸಾಲಿನ ಜೊತೆ ಅದನ್ನೂ ಓದಿ.

ಒಬ್ಬ ಟ್ರಸ್ಟಿ, "ಆ ಹುಡುಗನ ನಡಿಗೆ, ಮಾತು ಹುಡುಗಿ ಥರ ಇದೆ, ಸರಿ ಮಾಡಿ" ಅಂದಿದ್ದರು. ಸರಿ ಮಾಡಲು ಅಲ್ಲಿ ಏನೂ ಕೆಟ್ಟಿರಲಿಲ್ಲ. ಇಂಥ 'ಬದಲಾಯಿಸುವ ಚಿಕಿತ್ಸೆ'ಯನ್ನು 2021ರಲ್ಲಿ ಮದ್ರಾಸ್ ಹೈಕೋರ್ಟ್ ನಿಷೇಧಿಸುವಂತೆ ಹೇಳಿತು. ಮಾರನೇ ವರ್ಷ ರಾಷ್ಟ್ರೀಯ ವೈದ್ಯಕೀಯ ಆಯೋಗ ಅದನ್ನು ವೈದ್ಯರ ವೃತ್ತಿ ದುರ್ನಡತೆ ಅಂತ ಸಾರಿತು. ಆ ಹುಡುಗನಿಗೆ ಬೇಕಾಗಿದ್ದದ್ದು ಹಿಂದಿನ ಬೆಂಚಿನವರ ಗೇಲಿ ನಿಲ್ಲುವುದು. ಅದನ್ನು ನಿಲ್ಲಿಸುವ ಅಧಿಕಾರ ಇದ್ದದ್ದು ನನಗಲ್ಲ, ಆ ಟ್ರಸ್ಟಿಗೆ.

ನಮ್ಮವರ ತಪ್ಪೂ ಇದೆ, ಮುಚ್ಚಿಡುವುದಿಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ (ಮಾನಸಿಕ ಕಾಯಿಲೆಗೆ ಚಿಕಿತ್ಸೆ ಕೊಡುವ ಮನಶ್ಶಾಸ್ತ್ರಜ್ಞರು) ಆಗಿ ಕೆಲಸ ಮಾಡಲು 1992ರ ಕಾಯ್ದೆಯಡಿ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ಆ ಸಂಖ್ಯೆ ಕೇಳುವುದು ನಿಮ್ಮ ಹಕ್ಕು. ಸಮಾಲೋಚಕರ ವಿಷಯದಲ್ಲಿ ಇಷ್ಟು ಬಿಗಿ ಇರಲಿಲ್ಲ. ಬೇರೆ ಮನಶ್ಶಾಸ್ತ್ರಜ್ಞರನ್ನೂ ಸಮಾಲೋಚಕರನ್ನೂ ಪಟ್ಟಿಗೆ ಸೇರಿಸಿದ್ದು 2021ರಲ್ಲಿ ಬಂದ ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ಕಾಯ್ದೆ. ಈ ಸಡಿಲದಲ್ಲಿ ಏಳು ದಿನದ ಆನ್‌ಲೈನ್ ಸರ್ಟಿಫಿಕೇಟ್ ಹಿಡಿದು ಬಂದವರನ್ನು ನಾನು ನೋಡಿದ್ದೇನೆ. ಮಕ್ಕಳ ಕಥೆಗಳನ್ನು ರೀಲ್ಸ್ ಮಾಡುವವರನ್ನೂ ನೋಡಿದ್ದೇನೆ. ಹೆಸರು ಹೇಳಿರುವುದಿಲ್ಲ, ಆದರೆ ಊರಿನವರಿಗೆ ಗೊತ್ತಾಗಿಬಿಡುತ್ತದೆ. ಅಂಥವರನ್ನು ದಯವಿಟ್ಟು ಒಳಗೆ ಬಿಡಬೇಡಿ. ಸಂದರ್ಶನದಲ್ಲಿ ಇಂಗ್ಲಿಷ್ ಪರೀಕ್ಷೆ ಮಾಡುವ ಬದಲು ಒಂದು ಪ್ರಶ್ನೆ ಕೇಳಿ: ನಿಮಗೆ ದಾರಿ ಕಾಣದಾದಾಗ ಯಾರ ಹತ್ತಿರ ಹೋಗುತ್ತೀರಿ? ನಾನು ತಿಂಗಳಿಗೊಮ್ಮೆ ಹಿರಿಯರೊಬ್ಬರ ಮುಂದೆ, ಮಕ್ಕಳ ಹೆಸರು ತೆಗೆದು, ಆ ತಿಂಗಳ ಕಷ್ಟದ ಕೇಸುಗಳನ್ನು ಇಡುತ್ತೇನೆ. ಎಲ್ಲಿ ತಪ್ಪಿದೆ ಅಂತ ಅವರು ಹೇಳುತ್ತಾರೆ. ಅದರ ಫೀಸು, ಬಸ್ ಚಾರ್ಜು ಇಲ್ಲಿಯವರೆಗೆ ನನ್ನ ಕೈಯಿಂದಲೇ. ನಿಮ್ಮ ಸಂಸ್ಥೆ ಅದನ್ನು ಕೊಟ್ಟರೆ ದೊಡ್ಡ ಉಪಕಾರ.

ಕೋಣೆ ಬಗ್ಗೆ ಒಂದು ಮಾತು. ನನಗೆ ಇದುವರೆಗೆ ಸಿಕ್ಕಿದ ಕೋಣೆಗಳು ಮೂರು: ಸ್ಪೋರ್ಟ್ಸ್ ಸಾಮಾನಿನ ಸ್ಟೋರ್ ರೂಂ, ಪ್ರಾಂಶುಪಾಲರ ಚೇಂಬರಿನ ಪಕ್ಕದ ಗಾಜಿನ ಕ್ಯಾಬಿನ್, ಸಿಸಿಟಿವಿ ಇದ್ದ ಹಳೇ ಆಫೀಸು. ಮೂರರಲ್ಲಿ ಚೆಂಡು, ಬ್ಯಾಟುಗಳ ಸ್ಟೋರ್ ರೂಮೇ ಚೆನ್ನಾಗಿತ್ತು. ಮಕ್ಕಳು ಚೆಂಡು ತೆಗೆದುಕೊಳ್ಳುವ ನೆಪದಲ್ಲಿ ಬರುತ್ತಿದ್ದರು, ಯಾರಿಗೂ ಅನುಮಾನ ಬರುತ್ತಿರಲಿಲ್ಲ. ಹಾಗಾಗಿ ಎಸಿ, ಸೋಫಾ, ಗೋಡೆಯ ಮೇಲೆ ಸೂಕ್ತಿ ಯಾವುದೂ ಬೇಡ. ಹೊರಗೆ ಮಾತು ಕೇಳಿಸದ ಒಂದು ಬಾಗಿಲು ಇರಲಿ. ಟಿಪ್ಪಣಿ ಪುಸ್ತಕ ಇಡಲು ಬೀಗ ಇರುವ ಒಂದು ಕಬ್ಬಿಣದ ಬೀರು ಇರಲಿ.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416 ಸಂಖ್ಯೆಯನ್ನು ದೊಡ್ಡ ಅಕ್ಷರದಲ್ಲಿ ಹಾಸ್ಟೆಲಿನಲ್ಲೂ ತರಗತಿಯಲ್ಲೂ ಹಾಕಿ ಅಂತಲೂ ತೀರ್ಪಿನಲ್ಲಿದೆ. ಟಾಪರ್‌ಗಳ ಫ್ಲೆಕ್ಸ್ ಮಾಡಿಸುವವರಿಗೇ ಹೇಳಿದರೆ ಒಂದು ದಿನದ ಕೆಲಸ.

ಕೊನೆಗೆ ನನ್ನ ಸ್ವಂತದ ವಿಷಯ. ಮುಂದಿನ ವಾರ ಒಂದು ಕಾಲೇಜಿನಲ್ಲಿ ನನಗೆ ಸಂದರ್ಶನ ಇದೆ. ನಿಮ್ಮಲ್ಲೇ ಯಾರೋ ಎದುರು ಕೂತಿರುತ್ತೀರಿ. ಸಂಬಳದ ಮಾತು ಬರುವ ಮೊದಲು ನಾನು ಎರಡು ಪುಟದ ಒಂದು ಕಾಗದ ಮೇಜಿನ ಮೇಲೆ ಇಡುತ್ತೇನೆ. ಯಾವುದನ್ನು ನಿಮಗೆ ಹೇಳುತ್ತೇನೆ, ಯಾವುದನ್ನು ಹೇಳುವುದಿಲ್ಲ, ಯಾವಾಗ ನಿಮ್ಮನ್ನು ಕೇಳದೆ ಪೊಲೀಸರಿಗೆ ಫೋನ್ ಮಾಡುತ್ತೇನೆ ಅಂತ ಅದರಲ್ಲಿ ಕನ್ನಡದಲ್ಲಿ ಬರೆದಿದೆ. ಓದಿ ಸಹಿ ಹಾಕಿದರೆ ಜೂನ್‌ನಿಂದ ಬರುತ್ತೇನೆ. ಬೀರುವಿನ ಬೀಗಕ್ಕೆ ಎರಡು ಕೀ ಇರುತ್ತವಲ್ಲ, ಎರಡೂ ನನ್ನ ಹತ್ತಿರವೇ ಇರಲಿ.

ಇಂತಿ ನಿಮ್ಮ,
ಒಬ್ಬ ಆಪ್ತ ಸಮಾಲೋಚಕಿ